ಏಳನೇ ಟ್ಯಾಂಕಿನ ಚಳಿ

ಏಣಿಯ ಎಂಟನೇ ಮೆಟ್ಟಿಲ ಮೇಲೆ ನಿಂತು ಅಬಕಾರಿ ಇನ್ಸ್‌ಪೆಕ್ಟರ್ ಮೂರನೇ ಸಲ ಅದೇ ಪ್ರಶ್ನೆ ಕೇಳಿದಳು. ಕೆಳಗೆ ಏಣಿ ಹಿಡಿದು ನಿಂತಿದ್ದ ಮಾವ ಮೂರನೇ ಸಲ ಅದೇ ಉತ್ತರ ಕೊಟ್ಟರು.

“ಅದು ಟ್ಯಾಂಕಿನ ಬೆವರು ಮೇಡಂ. ತಣ್ಣಗಿರೋ ಟ್ಯಾಂಕು ಬೆವರದೆ ಇನ್ನೇನು ಮಾಡುತ್ತೆ?”

ಅವಳ ಕೈಯಲ್ಲಿ ಗೇಣುದ್ದದ ರಿಫ್ರಾಕ್ಟೋಮೀಟರ್ ಇತ್ತು. ಅದರ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಹನಿಯಲ್ಲಿ ಏನಾದರೂ ಕರಗಿದೆಯೋ ಇಲ್ಲವೋ ಹೇಳಿಬಿಡುತ್ತದೆ. ಏಳನೇ ಟ್ಯಾಂಕಿನ ಮುಚ್ಚಳದ ಅಂಚಿನಿಂದ ಇಳಿದ ಹನಿಗೆ ಅದು ತೋರಿಸಿದ್ದು ಸೊನ್ನೆ. ವೈನ್ ಆಗಿದ್ದರೆ ಆರೋ ಏಳೋ ತೋರಿಸಬೇಕು. ಸೊನ್ನೆ ಎಂದರೆ ಬರೀ ನೀರು.

ಆದರೆ ಟ್ಯಾಂಕಿನ ಬೆವರೂ ಬರೀ ನೀರೇ. ಅದು ಮಾವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಸಿಟ್ಟು ಬರುತ್ತಿತ್ತು.

ಏಳನೇ ಟ್ಯಾಂಕಿನಲ್ಲಿ ಸರ್ಕಾರಿ ಮೊಹರಿನೊಳಗೆ ಇರಬೇಕಾದ ಆರು ಸಾವಿರ ಲೀಟರ್ ಬಿಳಿ ವೈನ್ ಅಲ್ಲಿಲ್ಲ ಎಂದು ಹೇಳುವ, ಹೆಸರಿಲ್ಲದ ಪತ್ರವೊಂದು ನಾಲ್ಕು ದಿನದ ಹಿಂದೆ ಅವಳ ಮೇಜಿಗೆ ಬಂದು ಬಿದ್ದಿತ್ತು. ದಪ್ಪ ಅಚ್ಚಿನಂಥ ಅಕ್ಷರ, ಮಾಸಲು ನೀಲಿ. ಮುಟ್ಟಿದಾಗೆಲ್ಲ ಹೆಬ್ಬೆರಳಿಗೆ ಬಣ್ಣ ಹತ್ತುತ್ತಿತ್ತು. ಇಷ್ಟು ದೊಡ್ಡ ದೂರು ಬರೆಯುವವರಿಗೆ ಒಂದು ನೆಟ್ಟಗಿನ ಪೆನ್ನು ಸಿಗಲಿಲ್ಲವೇ ಎಂದು ಅವಳು ನಾಲ್ಕು ದಿನದಿಂದ ಗೊಣಗುತ್ತಿದ್ದಳು.

ಗೊಣಗಲು ಬೇರೆ ಕಾರಣಗಳೂ ಇದ್ದವು. ಈ ವೈನರಿಯ ಲೈಸೆನ್ಸ್ ಇಂದು ಸಂಜೆ ಐದಕ್ಕೆ ಮುಗಿಯುತ್ತದೆ. ನವೀಕರಣದ ಅರ್ಜಿ ಅವಳ ಚೀಲದಲ್ಲಿದೆ. ಅದರ ಹನ್ನೊಂದನೇ ಪುಟದ ಕೊನೆಯ ಕಾಲಂ: ಮೊಹರಾದ ದಾಸ್ತಾನು ಸರಿಯಾಗಿದೆಯೇ? ಹೌದು ಎಂದು ಬರೆದರೆ ನವೀಕರಣ. ಇಲ್ಲ ಎಂದು ಬರೆದರೆ ಬಾಗಿಲಿಗೆ ಬೀಗ, ಒಡತಿಯ ಮೇಲೆ ಮೊಕದ್ದಮೆ. ಗೇಟಿನ ಹೊರಗೆ ಬೆಳಿಗ್ಗೆಯಿಂದ ಮೂರು ಲಾರಿ ದ್ರಾಕ್ಷಿ ಬಿಸಿಲಲ್ಲಿ ನಿಂತಿದೆ. ಲೈಸೆನ್ಸ್ ಮುಗಿಯುವ ದಿನ ಅದು ನವೀಕರಣವಾಗುವ ತನಕ ಹೊಸ ಹಣ್ಣು ಒಳಗೆ ಬರುವಂತಿಲ್ಲ. ದ್ರಾಕ್ಷಿಗೆ ನಿಯಮಾವಳಿ ಓದಲು ಬರುವುದಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ಕ್ರೇಟಿನಲ್ಲೇ ಹುಳಿಯಲು ಶುರು ಮಾಡುತ್ತದೆ.

ಹಾಗಾದರೆ ಮುಚ್ಚಳ ತೆಗೆದು ನೋಡಿಬಿಡಬಹುದಲ್ಲ? ನೋಡಬಹುದು. ಮೊಹರು ಕತ್ತರಿಸಲು ಅವಳ ಮೇಲಧಿಕಾರಿ ಸಾಹೇಬರ ಲಿಖಿತ ಅನುಮತಿ ಬೇಕು. ಬೆಳಿಗ್ಗೆ ಫೋನ್ ಮಾಡಿದಾಗ ಸಾಹೇಬರು ಬಹಳ ಸಮಾಧಾನದಿಂದ, ಕೋರಿಕೆಯನ್ನು ಕ್ರಮಪ್ರಕಾರ ಕಳಿಸಿದರೆ ಏಳು ಕೆಲಸದ ದಿನಗಳಲ್ಲಿ ಪರಿಶೀಲಿಸುವುದಾಗಿ ಹೇಳಿದ್ದರು.

ಅವಳು ಏಣಿಯಿಂದ ಇಳಿದಳು.

“ಮೂವತ್ನಾಲ್ಕು ವರ್ಷದಿಂದ ಈ ಟ್ಯಾಂಕುಗಳ ಜೊತೆಗಿದೀನಿ,” ಎಂದರು ಮಾವ. “ಬೆವರು ಯಾವುದು, ಸೋರೋದು ಯಾವುದು ಅಂತ ನನಗೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ. ಅದಕ್ಕೇ ನಿಮ್ಮನ್ನ ಕೇಳ್ತಿರೋದು.”

ಮಾವ ಎಂದರೆ ಒಡತಿಯ ತಾಯಿಯ ತಮ್ಮ. ಒಡತಿ ಹುಟ್ಟಿದಾಗಿನಿಂದ ಮಾವ ಎಂದು ಕರೆದದ್ದನ್ನು ಕೇಳಿ ಕೇಳಿ ಬಾಟಲಿ ತೊಳೆಯುವವರು, ಲಾರಿಯವರು, ಎಲ್ಲರಿಗೂ ಆತ ಮಾವನೇ ಆಗಿದ್ದರು. ವೈನ್ ತಯಾರಿಸುವ ಕೈ ಅವರದು, ಲೆಕ್ಕಪತ್ರಗಳಿಗೆ ಸಹಿ ಹಾಕುವ ಕೈ ಸೊಸೆಯದು. ಸೋದರಸೊಸೆ, ಮನೆಗೆ ಬಂದ ಸೊಸೆಯಲ್ಲ.

ಇನ್ಸ್‌ಪೆಕ್ಟರ್ ಮಾತು ಬಿಟ್ಟು ಚಳಿಯಂತ್ರದ ಕೋಣೆಗೆ ನಡೆದಳು.

ಇಟ್ಟುಕೊಳ್ಳಲೇಬೇಕಾದ, ಆದರೆ ಯಾರೂ ಓದದ ಕಾಗದಗಳನ್ನು ಓದುವುದು ಅವಳ ಚಟ. ಓದುವಾಗಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹತ್ತಿದ್ದು, ಕೆಲಸಕ್ಕೆ ಸೇರಿದ ಮೇಲೂ ಬಿಟ್ಟಿರಲಿಲ್ಲ. ಇಲಾಖೆಯಲ್ಲಿ ಬೆನ್ನ ಹಿಂದೆ ಅವಳನ್ನು ‘ದಶಮಾಂಶ’ ಎನ್ನುತ್ತಿದ್ದರು. ಅದಕ್ಕೊಂದು ಚರಿತ್ರೆಯಿತ್ತು, ಅದೂ ಇದೇ ಟ್ಯಾಂಕಿನದು. ಏಳನೇ ಟ್ಯಾಂಕಿನ ವೈನ್‌ಗೆ ಲೇಬಲ್‌ನಲ್ಲಿ ಬರೆದಿದ್ದ ಮದ್ಯಸಾರ ಶೇಕಡಾ ಹನ್ನೆರಡು, ಅವಳು ಅಳೆದಾಗ ಬಂದದ್ದು ಹದಿನಾಲ್ಕು ದಶಮಾಂಶ ಒಂದು. ಹೊಸ ಲೇಬಲ್ ಮಂಜೂರಾಗುವ ತನಕ ಟ್ಯಾಂಕಿಗೆ ಮೊಹರು. ಜನವರಿ ಒಂಬತ್ತರಂದು ಅವಳೇ ತಂತಿ ಸುತ್ತಿ, ಸೀಸದ ಬಿಲ್ಲೆ ಇಟ್ಟು, ತನ್ನ ಇಕ್ಕಳದಿಂದ ಒತ್ತಿದ್ದಳು.

ಹೊಸ ಲೇಬಲ್ ಇನ್ನೂ ಮಂಜೂರಾಗಿರಲಿಲ್ಲ. ಮೊದಲ ಸಲ ಅಕ್ಷರ ಅರ್ಧ ಮಿಲಿಮೀಟರ್ ಚಿಕ್ಕದಾಯಿತೆಂದು ವಾಪಸ್ಸು ಬಂತು. ಎರಡನೇ ಸಲ ಎಚ್ಚರಿಕೆಯ ಸಾಲಿಗಿಂತ ದ್ರಾಕ್ಷಿ ಗೊಂಚಲಿನ ಚಿತ್ರ ದೊಡ್ಡದಾಯಿತೆಂದು. ಮೂರನೇ ಸಲ ಕಡತವೇ ಕಾಣೆಯಾಯಿತು. ಎಂಟು ತಿಂಗಳು.

ಚಳಿಯಂತ್ರದ ಕೋಣೆಯ ಗೋಡೆಯ ಮೇಲೆ ತಿಂಗಳಿಗೊಂದರಂತೆ ಉಷ್ಣತೆಯ ಪಟ್ಟಿಗಳನ್ನು ಮೊಳೆಗೆ ಸಿಕ್ಕಿಸಿದ್ದರು. ಮೇಲಿಂದ ಕೆಳಗೆ ಒಂಬತ್ತು ಟ್ಯಾಂಕು, ಅಡ್ಡಕ್ಕೆ ದಿನಗಳು, ಪ್ರತಿ ಬದಲಾವಣೆಗೂ ಪಕ್ಕದಲ್ಲಿ ಸಣ್ಣ ಸಹಿ. ಅವಳು ಒಂದೊಂದೇ ಹಾಳೆ ಮಗುಚಿದಳು. ಆಗಸ್ಟ್, ಜುಲೈ, ಜೂನ್, ಏನೂ ಇಲ್ಲ. ಮೇ ತಿಂಗಳಲ್ಲಿ ಕೈ ನಿಂತಿತು.

ಬಾಟಲಿಗೆ ತುಂಬುವ ಮೊದಲು ಬಿಳಿ ವೈನನ್ನು ಎರಡು ವಾರ ಸೊನ್ನೆಗಿಂತ ಕೆಳಗೆ ಇಡುತ್ತಾರೆ. ಅದರಲ್ಲಿರುವ ಹುಳಿಯ ಹರಳುಗಳು ಟ್ಯಾಂಕಿನ ತಳದಲ್ಲೇ ಕೂತುಬಿಡಲಿ, ಮುಂದೆ ಗಿರಾಕಿಯ ಲೋಟದಲ್ಲಿ ಗಾಜಿನ ಪುಡಿಯಂತೆ ಕಾಣದಿರಲಿ ಎಂದು. ಇಲ್ಲಿನವರು ಅದಕ್ಕೆ ‘ಚಳಿ ಕೊಡುವುದು’ ಎನ್ನುತ್ತಾರೆ. ಮೊಹರಾಗಿದ್ದರೂ ಹೊರಗಿನ ಕವಚದಿಂದ ಕೊಡಬಹುದು, ಮುಚ್ಚಳ ತೆಗೆಯಬೇಕಾಗಿಲ್ಲ.

ಮೇ ಒಂದರಿಂದ ಹದಿನಾಲ್ಕರವರೆಗೆ ಎಲ್ಲ ಟ್ಯಾಂಕಿನ ಸಾಲಿನಲ್ಲೂ ಮೈನಸ್ ಮೂರು. ಏಳನೆಯದರಲ್ಲಿ ಮಾತ್ರ ಮೊದಲ ಎರಡು ದಿನ ಮೈನಸ್ ಮೂರು. ಮೂರನೆಯ ದಿನದಿಂದ ನಾಲ್ಕು. ಸೊನ್ನೆಯ ಮೇಲಿನ ನಾಲ್ಕು. ಪಕ್ಕದಲ್ಲಿ ಮಾವನ ಸಹಿ.

ಅವಳು ಆ ನಾಲ್ಕನ್ನು ಬಹಳ ಹೊತ್ತು ನೋಡಿದಳು. ಚಳಿ ಬೇಡವೆಂದರೆ ಪೂರ್ತಿ ತೆಗೆದುಬಿಡಬಹುದಿತ್ತು. ಪೂರ್ತಿ ತೆಗೆದರೆ ಟ್ಯಾಂಕು ಬೆವರುವುದಿಲ್ಲ, ಹೋಗಿಬರುವವರ ಕಣ್ಣಿಗೆ ಬೀಳುತ್ತದೆ. ಸೊನ್ನೆಗೆ ಇಳಿಸಬಾರದು, ಆದರೆ ಪಕ್ಕದ ಟ್ಯಾಂಕುಗಳಂತೆ ಬೆವರುತ್ತಲೂ ಇರಬೇಕು. ಹಾಗೆ ಲೆಕ್ಕ ಹಾಕಿದವರು ಮಾತ್ರ ಈ ಅಂಕಿ ಬರೆಯುತ್ತಾರೆ.

ಗಂಟೆ ಎರಡಾಗಿತ್ತು.

ಒಡತಿಯ ಕೋಣೆಯ ಕಿಟಕಿಯಿಂದ ಮೂರೂ ಲಾರಿ ಕಾಣುತ್ತಿದ್ದವು. ಗೋಡೆಯ ಮೇಲೆ ಲೇಬಲ್ಲಿನ ಹನ್ನೊಂದು ಮಾದರಿಗಳು, ಒಂದರಿಂದ ಒಂದಕ್ಕೆ ದ್ರಾಕ್ಷಿ ಗೊಂಚಲು ಸೊರಗುತ್ತಾ ಹೋಗಿತ್ತು. ಒಡತಿಗೆ ನಲವತ್ತರ ಆಸುಪಾಸು. ಬೆಳಿಗ್ಗೆಯಿಂದ ಲಾರಿಯವರಿಗೆ ಇನ್ನೊಂದು ಗಂಟೆ, ಇನ್ನೊಂದು ಗಂಟೆ ಎಂದು ಹೇಳಿ ಹೇಳಿ ದನಿ ಕಟ್ಟಿತ್ತು. ಇನ್ಸ್‌ಪೆಕ್ಟರ್ ಮಾವನನ್ನೂ ಕರೆಸಿ, ಮೇ ತಿಂಗಳ ಹಾಳೆಯನ್ನು ಮೇಜಿನ ಮೇಲೆ ಹರಡಿದಳು.

“ಮೂರನೇ ತಾರೀಖು ಏಳನೇ ಟ್ಯಾಂಕಿಗೆ ಯಾಕೆ ಚಳಿ ಕಡಿಮೆ ಮಾಡಿದ್ರಿ?”

“ಮೋಟರ್ ಕೆಟ್ಟಿತ್ತು,” ಎಂದರು ಮಾವ.

“ಒಂಬತ್ತು ಟ್ಯಾಂಕಿಗೂ ಒಂದೇ ಮೋಟರ್.”

“ವಾಲ್ವ್ ಕೆಟ್ಟಿತ್ತು.”

“ಕೆಟ್ಟ ವಾಲ್ವ್ ಹನ್ನೆರಡು ದಿನ ಸರಿಯಾಗಿ ನಾಲ್ಕಕ್ಕೇ ನಿಂತಿತ್ತಾ?”

ಒಡತಿ ನಡುವೆ ಬಾಯಿ ಹಾಕಿದಳು.

“ನಾನೇ ಹೇಳಿದ್ದು ಮೇಡಂ, ಚಳಿ ಬೇಡ ಅಂತ. ಕರೆಂಟ್ ಉಳಿಸೋಕೆ.”

“ಸುಳ್ಳು,” ಎಂದರು ಮಾವ ತಕ್ಷಣ. “ಆ ವಾರ ಇವಳು ಇಲ್ಲಿ ಇರಲೇ ಇಲ್ಲ. ಲೇಬಲ್ ಹಿಡ್ಕೊಂಡು ನಿಮ್ಮ ಆಫೀಸಿನ ಬೆಂಚಿನ ಮೇಲೇ ಕೂತಿದ್ಲು.”

“ಮಾವ, ನೀವು ಸುಮ್ನಿರಿ.”

“ನೀನು ಸುಮ್ನಿರು.”

ಇನ್ಸ್‌ಪೆಕ್ಟರ್ ಹಣೆ ಒತ್ತಿಕೊಂಡಳು. ತಪ್ಪು ತನ್ನದಲ್ಲ ಎನ್ನುವವರನ್ನು ಹದಿನೈದು ವರ್ಷದಿಂದ ನೋಡಿದ್ದಳು, ಅವರನ್ನು ನಿಭಾಯಿಸಲು ಬರುತ್ತಿತ್ತು. ತಪ್ಪು ತನ್ನದೇ ಎಂದು ಜಗಳಕ್ಕೆ ಬಿದ್ದವರನ್ನು ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

“ಇಬ್ಬರೂ ಕೇಳಿ,” ಎಂದಳು. “ವೈನ್‌ಗೆ ಮೈನಸ್ ಮೂರರಲ್ಲಿ ಏನೂ ಆಗಲ್ಲ. ಮೈನಸ್ ಐದು ದಾಟೋ ತನಕ ಅದು ಹೆಪ್ಪುಗಟ್ಟಲ್ಲ. ಮೈನಸ್ ಮೂರಕ್ಕೆ ಹೆದರಬೇಕಾದ್ದು ನೀರು. ಹೆಪ್ಪುಗಟ್ಟಿದ್ರೆ ಟ್ಯಾಂಕನ್ನೇ ಸೀಳಿಬಿಡುತ್ತೆ. ಮಾವ, ಒಳಗಿರೋದು ನೀರು ಅಂತ ನಿಮಗೆ ಮೇ ತಿಂಗಳಲ್ಲೇ ಗೊತ್ತಿತ್ತು.”

ಇಷ್ಟು ಹೊತ್ತೂ ಮಾವ ನಿಂತೇ ಇದ್ದರು. ಈಗ ಕುರ್ಚಿ ಎಳೆದುಕೊಂಡು ಕೂತರು.

ಅವರು ಹೇಳಿದ್ದು ನಿಧಾನವಾಗಿ, ಮೇಜಿನ ಅಂಚನ್ನು ನೋಡುತ್ತಾ. ಚಳಿ ಕೊಟ್ಟ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಏಳನೇ ಟ್ಯಾಂಕು ಹಳೇ ಮಂಚದ ಹಾಗೆ ಕಿರುಗುಟ್ಟುತ್ತಿತ್ತಂತೆ. ಪ್ರತಿ ಟ್ಯಾಂಕಿನ ಒಳಗೂ ಒಂದು ತೇಲುಬುರುಡೆಯಿದೆ, ಅದಕ್ಕೆ ಕಟ್ಟಿದ ಮುಳ್ಳು ಹೊರಗಿನ ಅಳತೆಪಟ್ಟಿಯ ಮೇಲೆ ಮಟ್ಟ ತೋರಿಸುತ್ತದೆ. ಚಳಿಗೆ ವೈನ್ ಕುಗ್ಗುತ್ತದಾದ್ದರಿಂದ ಉಳಿದ ಎಂಟರಲ್ಲೂ ಮುಳ್ಳು ಒಂದು ಬೆರಳು ಇಳಿದಿತ್ತು. ಏಳನೆಯದರಲ್ಲಿ ಎರಡು ಬೆರಳು ಏರಿತ್ತು. ಚಳಿಗೆ ಉಬ್ಬುವ ವೈನನ್ನು ಅವರು ಮೂವತ್ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಗುಂಡಿ ತಿರುಗಿಸಿ ನಾಲ್ಕಕ್ಕೆ ತಂದು, ಒಂದು ಕ್ರೇಟು ಬೋರಲು ಹಾಕಿಕೊಂಡು, ಮಧ್ಯಾಹ್ನದವರೆಗೆ ಟ್ಯಾಂಕಿನ ಪಕ್ಕದಲ್ಲೇ ಕೂತಿದ್ದರು. ಹೆಣದ ಪಕ್ಕ ಕೂತ ಹಾಗೆ.

“ಯಾರಿಗೆ ಹೇಳಿದ್ರಿ?”

“ಯಾರಿಗೆ ಹೇಳಲಿ?” ಎಂದರು ಮಾವ. ಹೇಳುವಾಗ ಕಣ್ಣು ಸೊಸೆಯ ಕಡೆ ಹೋಗಿ ವಾಪಸ್ಸು ಬಂತು.

ಆ ನೋಟ ಇನ್ಸ್‌ಪೆಕ್ಟರ್‌ಗೆ ಮಾತ್ರವಲ್ಲ, ಒಡತಿಗೂ ತಾಗಿತು.

“ಏನು ಮಾವ? ನಾನು ಮಾರಿದೆ ಅಂದ್ಕೊಂಡ್ರಾ?”

“ಲೇಬಲ್ ಬರಲಿಲ್ಲ. ಆರ್ಡರ್ ಕೊಟ್ಟವರು ದಿನಾ ಬೈತಿದ್ರು. ನೀನು ಊಟ ಬಿಟ್ಟಿದ್ದೆ. ನಾನು ಇನ್ನೇನು ಅಂದ್ಕೊಳ್ಳಲಿ?”

“ನಾನು ನೀವು ಅಂದ್ಕೊಂಡೆ.” ಅವಳ ದನಿ ಪೂರ್ತಿ ಒಡೆಯಿತು. “ಜೂನ್‌ನಲ್ಲಿ ಈ ಹಾಳೆ ನಾನೂ ನೋಡಿದೀನಿ. ನಾನೂ ಇದರಲ್ಲೇ ಬೆಳೆದವಳಲ್ವಾ, ನಾಲ್ಕು ಅಂತ ಯಾಕೆ ಬರೀತಾರೆ ಅಂತ ನನಗೂ ಹೊಳೆಯಿತು. ಮೊಹರು ಬಿದ್ದ ದಿನ ನೀವೇ ಕೂಗಾಡಿದ್ರಿ, ನನ್ನ ಕೈಯ ಒಳ್ಳೇ ವೈನು ಕತ್ತಲಲ್ಲಿ ಸಾಯೋಕೆ ಬಿಡಲ್ಲ ಅಂತ. ಎಲ್ಲೋ ಸಾಗಿಸಿಬಿಟ್ರಿ, ಕೇಳಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡೆ.”

“ನನ್ನನ್ನ ಕಳ್ಳ ಅಂದ್ಕೊಂಡು ಮೂರು ತಿಂಗಳು ಊಟಕ್ಕೆ ಬಡಿಸಿದೆಯಾ?”

“ನೀವು ನನ್ನನ್ನ ಕಳ್ಳಿ ಅಂದ್ಕೊಂಡು ಉಂಡ್ರಲ್ಲ?”

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿದಳು. ಒಂದೇ ಸೂರಿನಡಿ, ಒಂದೇ ಮೇಜಿನ ಆ ಕಡೆ ಈ ಕಡೆ ಕೂತು, ಇಬ್ಬರೂ ಮಾಡದ ಕಳ್ಳತನವನ್ನು ಇಬ್ಬರೂ ಪರಸ್ಪರರಿಗಾಗಿ ಮುಚ್ಚಿಟ್ಟಿದ್ದರು. ಮೇ ತಿಂಗಳಲ್ಲೇ ಒಬ್ಬರು ಬಾಯಿ ಬಿಟ್ಟಿದ್ದರೆ ಕಳ್ಳನ ಹೆಜ್ಜೆ ಹಸಿಯಾಗಿ ಸಿಗುತ್ತಿತ್ತು. ಅವಳಿಗೆ ಇಬ್ಬರನ್ನೂ ಬೈಯಬೇಕೆನ್ನಿಸಿತು. ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಅವಳು ಬೈಯಲಿಲ್ಲ.

“ನೀವಿಬ್ಬರೂ ಅಲ್ಲ ಅಂದ್ರೆ,” ಎಂದಳು, “ಆರು ಸಾವಿರ ಲೀಟರ್ ತೆಗೆದು ಅಷ್ಟೇ ನೀರು ತುಂಬಿಸೋಕೆ ಪಂಪ್ ಹಾಕಿದ್ರೂ ಒಂದಿಡೀ ದಿನ ಬೇಕು. ನೀವಿಬ್ಬರೂ ಇಲ್ಲದ ದಿನ ಯಾವುದು?”

ಅದಕ್ಕೆ ಉತ್ತರ ಹುಡುಕಬೇಕಾಗಲಿಲ್ಲ. ಮಾರ್ಚ್ ಕೊನೆಯಲ್ಲಿ ನೆಲಕ್ಕೆ ಹೊಸ ಲೇಪ ಹಾಕಿಸಿ, ಒಣಗಲೆಂದು ಎಂಟು ದಿನ ವೈನರಿ ಮುಚ್ಚಿದ್ದರು. ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಬಾಗಿಲ ಕೀಲಿ ಒಡತಿಯ ಕಪಾಟಿನಲ್ಲಿತ್ತು.

“ಇನ್ನೊಂದು ಕೀಲಿ?” ಎಂದು ಕೇಳಿ, ಕೇಳಿದ ಮರುಕ್ಷಣವೇ ಅವಳಿಗೆ ತನ್ನ ಪ್ರಶ್ನೆ ಎಷ್ಟು ದಡ್ಡತನದ್ದೆಂದು ಹೊಳೆಯಿತು. ಮೊಹರಾದ ದಾಸ್ತಾನು ಇರುವ ಕಟ್ಟಡದ ಇನ್ನೊಂದು ಕೀಲಿ ಇಲಾಖೆಯ ಉಗ್ರಾಣದಲ್ಲಿರಬೇಕೆಂಬುದು ನಿಯಮ. ಮೊಹರು ಹಾಕಿದ ದಿನ ಆ ಕೀಲಿಯನ್ನು ಒಡತಿಯಿಂದ ಇಸಿದುಕೊಂಡು ಹೋಗಿ ಉಗ್ರಾಣಕ್ಕೆ ಕೊಟ್ಟವಳು ಅವಳೇ.

ಮೂರೂಕಾಲಿಗೆ ಅವಳು ಮತ್ತೆ ಏಣಿ ಹತ್ತಿದಳು. ಈ ಸಲ ಕೈಯಲ್ಲಿದ್ದದ್ದು ಭೂತಗನ್ನಡಿ.

ಮೊಹರು ನೇತಾಡುತ್ತಿದ್ದ ಹಾಗೇ ನೇತಾಡುತ್ತಿತ್ತು. ಜುಲೈ ತಿಂಗಳ ತಪಾಸಣೆಯಲ್ಲಿ ಅವಳು ಇದನ್ನು ನೆಲದ ಮೇಲೆ ನಿಂತು, ಕತ್ತೆತ್ತಿ ನೋಡಿ, ‘ಸುಸ್ಥಿತಿ’ ಎಂದು ಗುರುತು ಹಾಕಿದ್ದಳು. ದಶಮಾಂಶ ಎಂದು ಹೆಸರು ಪಡೆದವಳು ಎಂಟು ಮೆಟ್ಟಿಲು ಹತ್ತಲು ಸೋಮಾರಿತನ ಮಾಡಿದ್ದಳು.

ಪ್ರತಿ ಇನ್ಸ್‌ಪೆಕ್ಟರ್‌ಗೂ ಒಂದು ಇಕ್ಕಳ, ಅದರ ಬಾಯಲ್ಲಿ ಅವರವರ ಸಂಖ್ಯೆ. ಅವಳದು ಹತ್ತೊಂಬತ್ತು. ಸೀಸದ ಬಿಲ್ಲೆಯ ಮೇಲೆ ಒಂದು ಉಂಗುರ, ಉಂಗುರದ ನಡುವೆ ಹತ್ತೊಂಬತ್ತು, ಎಲ್ಲವೂ ಸರಿಯಾಗಿತ್ತು. ಅವಳು ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು.

ಉಂಗುರದ ಎಡಗಡೆ, ಕೆಳಗೆ, ಇಲಿ ಕಚ್ಚಿದಷ್ಟು ಜಾಗ ಬೋಳಾಗಿತ್ತು.

ಚೀಲದಿಂದ ಇಕ್ಕಳ ತೆಗೆದು, ಹೊಸ ಬಿಲ್ಲೆಯೊಂದನ್ನು ಒತ್ತಿ ಪಕ್ಕದಲ್ಲಿ ಹಿಡಿದಳು. ಅದೇ ಉಂಗುರ, ಅದೇ ಜಾಗ, ಅದೇ ಇಲಿ ಕಚ್ಚು. ಎರಡರಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಕೆಳಗಿನಿಂದ ಮಾವ, “ಸರಿಯಾಗಿದೆಯಾ?” ಎಂದರು.

“ತೀರಾ ಸರಿಯಾಗಿದೆ,” ಎಂದಳು. ಅಷ್ಟು ಸರಿಯಾಗಿರಬಾರದಿತ್ತು.

ಯಾಕೆಂದರೆ ಇಕ್ಕಳದ ಹಲ್ಲು ಮುರಿದದ್ದು ಮಾರ್ಚ್ ಹದಿನಾಲ್ಕಕ್ಕೆ. ತಾರೀಖು ಮರೆಯುವಂತೆಯೇ ಇರಲಿಲ್ಲ. ಬೇರೊಂದು ವೈನರಿಯ ಕಲ್ಲಿನ ನೆಲದ ಮೇಲೆ ಇಕ್ಕಳ ಕೈಜಾರಿ ಬಿದ್ದಿತ್ತು. ವರದಿ ಮಾಡಲು ಉಗ್ರಾಣದ ಗುಮಾಸ್ತರ ಬಳಿ ಹೋದರೆ, ಅವರು ಅವಳ ಅರ್ಧ ದಿನ ತಿಂದಿದ್ದರು. ಆ ಮನುಷ್ಯನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ಅವರು ‘ಮೂರು ಪ್ರತಿ’. ಪೆನ್ಸಿಲ್ ಕೇಳಿದರೂ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿಯಲ್ಲಿ ಬರೆದುಕೊಡಬೇಕು. ಕಂಪ್ಯೂಟರ್ ಬಂದು ಹತ್ತು ವರ್ಷವಾಗಿದ್ದರೂ ಅವರ ಡ್ರಾಯರಿನಲ್ಲಿ ಕಾರ್ಬನ್ ಮುಗಿದಿರಲಿಲ್ಲ. ಒಮ್ಮೆ ಜ್ವರದಲ್ಲಿ ನಡುಗುತ್ತಲೇ ಆಫೀಸಿಗೆ ಬಂದು, ಅರ್ಧ ದಿನದ ರಜೆಗೆ ಮೂರು ಪ್ರತಿ ಅರ್ಜಿ ಬರೆದು, ಮೊದಲನೆಯದು ಸಾಹೇಬರಿಗೆ, ಎರಡನೆಯದು ಕಡತಕ್ಕೆ, ಮೂರನೆಯದು ಸ್ವಂತ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿ ಮಲಗಿದ್ದರು. ಅವಳ ವರದಿಯನ್ನು ಎರಡು ಸಲ ಓದಿ, “ಮುರಿದ ಚೂರು ಲಗತ್ತಿಸಿಲ್ವಲ್ಲ ಅಕ್ಕಾ?” ಎಂದು ಕೇಳಿದ್ದರು. ಅವಳು ಮತ್ತೆ ಹೋಗಿ ಕಲ್ಲಿನ ನೆಲದ ಮೇಲೆ ಮಂಡಿಯೂರಿ ಹುಡುಕಿ ತಂದಿದ್ದಳು.

ಅಂದು ರಿಪೇರಿಗೆಂದು ಉಗ್ರಾಣಕ್ಕೆ ಕೊಟ್ಟ ಇಕ್ಕಳ ರಿಪೇರಿಯಾಗದೆಯೇ ಏಪ್ರಿಲ್ ಎರಡಕ್ಕೆ ಅವಳ ಕೈಗೆ ಮರಳಿತ್ತು. ಅಲ್ಲಿಂದೀಚೆಗೆ ಅವಳ ಚೀಲ ಬಿಟ್ಟು ಕದಲಿಲ್ಲ.

ಜನವರಿ ಒಂಬತ್ತರಂದು ಒತ್ತಿದ ಮೊಹರಿನಲ್ಲಿ ಮಾರ್ಚ್ ಹದಿನಾಲ್ಕರ ಮುರಿತ ಇರಲು ಸಾಧ್ಯವಿಲ್ಲ. ಅವಳು ಹಾಕಿದ ಮೊಹರನ್ನು ಯಾರೋ ಕತ್ತರಿಸಿ, ಅವಳದೇ ಇಕ್ಕಳದಿಂದ ಹೊಸದನ್ನು ಒತ್ತಿದ್ದಾರೆ. ಇಕ್ಕಳ ಉಗ್ರಾಣದಲ್ಲಿದ್ದ ಆ ಹತ್ತೊಂಬತ್ತು ದಿನಗಳಲ್ಲಿ. ಅದೇ ಉಗ್ರಾಣದ ಮೊಳೆಯಿಂದ ಈ ಬಾಗಿಲಿನ ಕೀಲಿ ಇಳಿಸಿಕೊಂಡು.

ಅದಲ್ಲದಿದ್ದರೆ ಅವಳೇ ಒತ್ತಿರಬೇಕು. ವಿಚಾರಣೆ ನಡೆಸುವವರಿಗೆ ಯಾವುದು ಸುಲಭ ಎಂದು ಯೋಚಿಸಬೇಕಾಗಿರಲಿಲ್ಲ.

ಒಡತಿಯ ಕೋಣೆಗೆ ಮರಳಿದಾಗ ನಾಲ್ಕು ಹೊಡೆದು ಹತ್ತು ನಿಮಿಷ. ಇಬ್ಬರಿಗೂ ಎಲ್ಲವನ್ನೂ ಹೇಳಿದಳು, ಕೀಲಿಯ ವಿಷಯವನ್ನೂ. ಹೊರಗೆ ಲಾರಿಯವನೊಬ್ಬ ಹಾರ್ನ್ ಒತ್ತಿ ಹಿಡಿದ.

ಹೌದು ಎಂದು ಬರೆದರೆ ನೀರಿಗೆ ವೈನ್ ಎಂದು ಸಹಿ ಹಾಕಿದಂತೆ. ಇಲ್ಲ ಎಂದು ಬರೆದರೆ ಕದಿಯದವರ ಕೈಗೆ ಬೇಡಿ, ಬಿಸಿಲಲ್ಲಿರುವ ಹಣ್ಣು ತಿಪ್ಪೆಗೆ. ಅವಳು ನಿಯಮಾವಳಿಯ ದಪ್ಪ ಪುಸ್ತಕ ತೆಗೆದು, ಯಾರೂ ತೆರೆಯದ ಹಿಂದಿನ ಪುಟಗಳಿಗೆ ಹೋದಳು. ಅಲ್ಲಿ ಅಡಿಟಿಪ್ಪಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಪನಿಯಮವಿತ್ತು. ಮೊಹರಿನ ಬಗ್ಗೆ ಇಲಾಖೆಯ ಕಡೆಯಿಂದಲೇ ಸಂಶಯವಿದ್ದಲ್ಲಿ, ಅದರ ಹೊಣೆಯನ್ನು ಲೈಸೆನ್ಸುದಾರರ ಮೇಲೆ ಹೊರಿಸತಕ್ಕದ್ದಲ್ಲ. ಲೈಸೆನ್ಸನ್ನು ಮೂವತ್ತು ದಿನ ತಾತ್ಕಾಲಿಕವಾಗಿ ಮುಂದುವರಿಸತಕ್ಕದ್ದು. ಸಂಬಂಧಪಟ್ಟ ಇನ್ಸ್‌ಪೆಕ್ಟರ್ ತನ್ನ ಹೆಸರಿನಲ್ಲಿ ಲಿಖಿತ ಹೇಳಿಕೆ ಕೊಡತಕ್ಕದ್ದು. ಹೇಳಿಕೆಯ ಆಧಾರವನ್ನು ಮರುದಿನ ಬೆಳಿಗ್ಗೆ ಹತ್ತರೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಹೇಳಿಕೆಯೂ ಮುಂದುವರಿಕೆಯೂ ರದ್ದು.

ಒಡತಿ ಅದನ್ನು ಎರಡು ಸಲ ಓದಿದಳು.

“ಹೀಗೆ ಬರೆದ್ರೆ ಮೊದಲು ನಿಮ್ಮನ್ನೇ ಹಿಡೀತಾರಲ್ಲ ಮೇಡಂ?”

“ಈ ಕಾಲಂನಲ್ಲಿ ಜಾಗ ಸಾಲಲ್ಲ,” ಎಂದಳು ಇನ್ಸ್‌ಪೆಕ್ಟರ್. “ಒಂದು ಬಿಳಿ ಹಾಳೆ ಕೊಡಿ.”

ಮಾವ ಎದ್ದು ತಾವೇ ಹಾಳೆ ತಂದು ಮುಂದಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಅವಳು ಬರೆದಳು: ‘ಮೊಹರು ನನ್ನ ಇಕ್ಕಳದ್ದು. ಒತ್ತಿದ್ದು ನಾನಲ್ಲ. ಮಾರ್ಚ್ ಹದಿನಾಲ್ಕಕ್ಕೂ ಏಪ್ರಿಲ್ ಎರಡಕ್ಕೂ ನಡುವೆ ಒತ್ತಲಾಗಿದೆ. ಆಧಾರ: ಇಕ್ಕಳ ಮುರಿದ ಬಗ್ಗೆ ನನ್ನ ವರದಿ ಮತ್ತು ಉಗ್ರಾಣದ ದಾಖಲೆ.’ ಹೆಸರು, ಸಂಖ್ಯೆ, ಸಹಿ.

ಸಾಹೇಬರ ಮೂಲಕ ಕಳಿಸಬೇಕೆಂದು ಉಪನಿಯಮ ಹೇಳಿರಲಿಲ್ಲ. ನೇರವಾಗಿ ಲೈಸೆನ್ಸ್ ಮಂಡಳಿಗೇ ಸ್ಕ್ಯಾನ್ ಮಾಡಿ ಕಳಿಸಿದರು. ಆ ಯಂತ್ರ ಎರಡು ಸಲ ಕಾಗದ ನುಂಗಿ ಎಲ್ಲರ ಜೀವ ತೆಗೆಯಿತು. ನಾಲ್ಕು ಮೂವತ್ತೆಂಟಕ್ಕೆ ಸ್ವೀಕೃತಿ ಬಂತು: ಮೂವತ್ತು ದಿನ, ತಾತ್ಕಾಲಿಕ. ಒಡತಿ ಓದಿ ಮುಗಿಸುವುದರೊಳಗೆ ಮಾವ ಮೆಟ್ಟಿಲಿಳಿದು ಗೇಟಿನ ಕಡೆ ಹೆಚ್ಚುಕಡಿಮೆ ಓಡುತ್ತಿದ್ದರು. ಮೊದಲ ಲಾರಿ ಕೆಮ್ಮಿಕೊಂಡು ಒಳಗೆ ಬಂತು.

ಇನ್ನು ಉಳಿದದ್ದು ವರದಿಯ ಪ್ರತಿ. ನಾಳೆ ಹತ್ತರೊಳಗೆ. ಅವಳು ಮೂಲ ಹೇಳಿಕೆಯನ್ನು ಮಡಚಲು ಹೋದಾಗ ಅಂಚಿನಲ್ಲಿ ಒಂದು ನೀಲಿ ಕಲೆ ಕಂಡಿತು. ಮತ್ತದೇ ಹೆಬ್ಬೆರಳು, ಮತ್ತದೇ ಹಾಳು ಪತ್ರ. ಸಿಡುಕುತ್ತಾ ಚೀಲದಿಂದ ಅದನ್ನು ಎಳೆದು ಮೇಜಿನ ಮೇಲೆ ಒಗೆದಳು.

ಒಗೆದವಳು ಅಲ್ಲೇ ನಿಂತಳು. ಅದು ಕೆಟ್ಟ ಪೆನ್ನಿನ ಬರಹವಲ್ಲ, ಕಾರ್ಬನ್ ಪ್ರತಿ; ಹೆಸರಿಲ್ಲದ ದೂರನ್ನೂ ಮೂರು ಪ್ರತಿಯಲ್ಲಿ ಬರೆಯುವ ಮನುಷ್ಯ ಇಲಾಖೆಯಲ್ಲಿ ಒಬ್ಬರೇ ಇದ್ದರು, ಅವಳ ವರದಿಯ ಪ್ರತಿಯೂ ಅವರ ಬಳಿ ಇರಲೇಬೇಕು.